ಪದ್ಮಿನಿಯ ಸೀಟಿಗೆ ಕುಚ್ಚು

ನ್ಯಾಯವಾಗಿ ನೀವೇ ಹೇಳಿ. ಬ್ಲೌಸ್ ಹೊಲಿಯುವುದರಲ್ಲಿ ಬೆಂಗಳೂರಿನ ನಮ್ಮ ಇಡೀ ಹೂಡಿಗೇ ಹೆಸರಾದ ಹೆಂಗಸು (ಬೇರೆ ಯಾರೂ ಅಲ್ಲ, ನಾನೇ) ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಮಿಷನ್ ಹಾಕಿಕೊಂಡು, ಒಗ್ಗರಣೆ ಮೈಮೇಲೆ ಸಿಡಿಯದಂತೆ ಮುದುಡಿ ಕೂತು ಹೊಲಿಯಬೇಕು. ಅದೇ ಮನೆಯ ಮುಂದೆ, ರಸ್ತೆಗೆ ಮುಖ ಮಾಡಿರುವ, ಗಾಳಿ ಬೆಳಕು ಎರಡೂ ಧಾರಾಳವಾಗಿ ಬರುವ ಶೆಡ್ಡಿನಲ್ಲಿ ಒಂದು ಮುದಿ ಕಾರು ಟಾರ್ಪಾಲು ಹೊದ್ದುಕೊಂಡು ವರ್ಷಗಟ್ಟಲೆ ಮಲಗಿರಬೇಕು. ಇದು ಯಾವ ಸೀಮೆ ನ್ಯಾಯ?

ಕಾರಿನ ಹೆಸರು ಪದ್ಮಿನಿ. ಹೂಡಿ ಇನ್ನೂ ಹಳ್ಳಿಯಾಗಿದ್ದಾಗ ನಮ್ಮ ಮಾವನವರು ಕೊಂಡದ್ದು. ಮಾವನವರು ಹೋದರು, ಸುತ್ತಮುತ್ತ ಗಾಜಿನ ಕಟ್ಟಡಗಳು ಎದ್ದವು, ಮೆಟ್ರೋ ಕೂಡ ಬಂತು, ಪದ್ಮಿನಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ನಮ್ಮ ಯಜಮಾನರಾದ ಶಶಿಕುಮಾರ್ ಅವರು ಮಹದೇವಪುರದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಭಾನುವಾರ ಬಂತೆಂದರೆ ಟಾರ್ಪಾಲು ತೆಗೆದು, ಕಾರು ಸ್ಟಾರ್ಟ್ ಮಾಡಿ, ಕಣ್ಣು ಮುಚ್ಚಿಕೊಂಡು ಇಂಜಿನ್ನಿನ ಸದ್ದು ಕೇಳಿ, ಮತ್ತೆ ಟಾರ್ಪಾಲು ಹೊದಿಸಿ ಒಳಗೆ ಬರುತ್ತಾರೆ. ನನ್ನ ಮಾತನ್ನು ಅವರು ಅಷ್ಟು ತಲ್ಲೀನರಾಗಿ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ನನಗೆ ಬೇಕಾದದ್ದು ಆ ಶೆಡ್ಡು. ಎದುರಿಗೇ ಅಪಾರ್ಟ್‌ಮೆಂಟುಗಳ ಸಾಲು. ಅಲ್ಲಿಂದ ಒಬ್ಬಾಕೆ ಒಮ್ಮೆ ಧೈರ್ಯ ಮಾಡಿ ನನ್ನ ಹತ್ತಿರ ರೇಷ್ಮೆ ಬ್ಲೌಸ್ ಹೊಲಿಸಿಕೊಂಡು ಹೋದರು. ಸಂಜೆಗೆಲ್ಲ ವಾಪಸ್ ಬಂದು, "ಹೊಲಿಗೆ ಸೂಪರ್ ಮೇಡಂ, ಆದ್ರೆ ಹಾಕ್ಕೊಂಡ್ರೆ ಇಂಗಿನ ವಾಸನೆ ಬರುತ್ತೆ" ಅಂದರು. ಅವತ್ತೇ ನಿಶ್ಚಯಿಸಿದೆ. ಶೆಡ್ಡಿಗೆ ಗಾಜಿನ ಬಾಗಿಲು, ಒಳಗೆ ಆಳೆತ್ತರದ ಕನ್ನಡಿ, ಹೊರಗೆ 'ಭುವನೇಶ್ವರಿ ಬೊಟೀಕ್' ಎಂಬ ಬೋರ್ಡು. ಪದ್ಮಿನಿ ಹೊರಡಲೇಬೇಕು.

"ರೀ, ಆ ಕಾರು ಮಾರ್ಬಿಡಿ."

"ಯಾರ್ ತಗೋತಾರೆ ಕಣೇ? ಸೀಟ್ ನೋಡಿದೀಯಾ? ಕೂತ್ರೆ ಸ್ಪ್ರಿಂಗ್ ಚುಚ್ಚುತ್ತೆ. ಕೆಳಗಡೆ ಕಾರ್ಪೆಟ್ ಇಲಿ ತಿಂದು ಹಾಕಿದೆ."

"ಹೊಸದು ಹಾಕ್ಸಿ, ಮಾರಿ."

"ಸೀಟ್ ಹೊಲಿಯೋನ್ನ ಕೇಳ್ದೆ ಕಣೇ. ಅವ್ನು ಹೇಳೋ ರೇಟಿಗೆ ಇನ್ನೊಂದು ಕಾರೇ ಬರುತ್ತೆ. ಸೀಟು, ಕಾರ್ಪೆಟ್ ಸರಿಹೋದ ದಿನ ಮಾರ್ತೀನಿ, ಆಯ್ತಾ?"

ಹೇಳುವಾಗ ತುಟಿಯಂಚಿನಲ್ಲಿ ಒಂದು ನಗು. ಆ ದಿನ ಈ ಜನ್ಮದಲ್ಲಿ ಬರುವುದಿಲ್ಲ ಎಂಬ ನೆಮ್ಮದಿಯ ನಗು. ನನಗೆ ಮೈಯೆಲ್ಲ ಉರಿದುಹೋಯಿತು.

"ಅತ್ತೆ ಮೇಲೆ ಆಣೆ ಇಟ್ಟು ಹೇಳಿ."

ನಮ್ಮತ್ತೆ ಸೊಣ್ಣಮ್ಮನವರು ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ನನ್ ಮ್ಯಾಲ್ ಯಾಕಮ್ಮ ಆಣೆ? ಆ ಕಾರಿನ್ ಮ್ಯಾಲೇ ಮಾಡಿಸ್ಕ. ಅವನಿಗೆ ಅದರ ಮ್ಯಾಲೇ ಪ್ರಾಣ ಜಾಸ್ತಿ" ಅಂದರು. ಯಜಮಾನರು ಬಾನೆಟ್ಟಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದರು.

"ಸರಿ, ಹಂಗಾದ್ರೆ ನಾನೇ ಹೊಲೀತೀನಿ."

"ಭುವನಾ, ಅದು ಕಾರ್ ಸೀಟು ಕಣೇ, ಬ್ಲೌಸ್ ಅಲ್ಲ!"

"ಬೆನ್ನಿದೆ, ಭುಜ ಇದೆ, ಸೊಂಟ ಇದೆ. ಇನ್ನೇನ್ರೀ ಬೇಕು ಬ್ಲೌಸಿಗೆ?"

ಹೀಗೆ ಪದ್ಮಿನಿಯ ಉದ್ಧಾರಕಾರ್ಯ ಆರಂಭವಾಯಿತು. ಸೀಟು ಬಿಚ್ಚುವ ಕೆಲಸ ಯಜಮಾನರದು. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು, ಸ್ಪ್ಯಾನರ್ ಹಿಡಿದು, ಅದು ಬರದೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ತಿರುಗಿಸಿದರು. ದೇವರು ನನ್ನ ಕಡೆ ಇದ್ದ, ಬಂತು. ಹಿಂದಿನ ಸೀಟನ್ನು ಎತ್ತಿದರೆ ಕೆಳಗೆ ಕಡಲೆಕಾಯಿ ಸಿಪ್ಪೆ, ಮೂರು ಬಾಚಣಿಗೆ, ಮತ್ತು ಸಕುಟುಂಬ ಸಪರಿವಾರ ಸಮೇತವಾದ ಒಂದು ಇಲಿ. ನಾನು ಪೊರಕೆ ಎತ್ತಿದೆ. "ಬಾಣಂತಿ ಕಣಮ್ಮ, ಒಡೀಬ್ಯಾಡ" ಎಂದು ಅತ್ತೆ ಅಡ್ಡ ಬಂದರು. ನನ್ನ ಬಾಣಂತನದಲ್ಲಿ ಇಷ್ಟು ಕರುಣೆ ತೋರಿಸಿದ್ದರೆ! (ಆ ಕಥೆ ಬೇರೆ.)

ಹಳೆಯ ಕವರನ್ನು ಬ್ಲೇಡಿನಿಂದ ಹೊಲಿಗೆ ಹೊಲಿಗೆಯಾಗಿ ಬಿಚ್ಚಿದೆ. ಗಿರಾಕಿಗಳು ತಂದುಕೊಡುವ ಅಳತೆ ಬ್ಲೌಸ್ ಇದ್ದ ಹಾಗೆ ಅಂದುಕೊಳ್ಳಿ. ಅದನ್ನು ನಡುಮನೆಯಲ್ಲಿ ಹರಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕಾರಿನ ಸಾಮಾನು ಸಿಗುವ ಜೆ.ಸಿ. ರೋಡಿನಿಂದ ತಂದ ಮರೂನ್ ಬಣ್ಣದ ರೆಗ್ಜಿನ್ ಕತ್ತರಿಸಿದೆ. ಅಂಚಿಗೆ ಕೆನೆ ಬಣ್ಣದ ಪೈಪಿಂಗ್. ಮಾಮೂಲಿ ಸೂಜಿ ಪಟಪಟನೆ ಮುರಿಯಿತು. ದಪ್ಪ ಸೂಜಿ ಹಾಕಿದೆ. ರೆಗ್ಜಿನ್ ಸೆಟೆದು ನಿಂತಿತು. ಬಿಸಿಲಿಗೆ ಹಾಕಿ ಮೆತ್ತಗೆ ಮಾಡಿದೆ. ನನ್ನ ಮುಂದೆ ಬಿಗಿದುಕೊಂಡು ನಿಂತವರು ಯಾರೂ ಬಹಳ ಹೊತ್ತು ನಿಂತಿಲ್ಲ, ಯಜಮಾನರನ್ನೇ ಕೇಳಿ.

ಬ್ಲೌಸಿಗೆ ಒಳಗಡೆ ಸ್ವಲ್ಪ ಬಟ್ಟೆ ಬಿಡುವುದು ನಮ್ಮ ಕಸುಬಿನ ಧರ್ಮ. ಮದುವೆಯಾದ ಮೇಲೆ ಹುಡುಗಿ ಮೈ ತುಂಬಿಕೊಂಡರೆ ಬಿಚ್ಚಿಕೊಳ್ಳಬೇಕಲ್ಲ. ಅಭ್ಯಾಸಬಲದಿಂದ ಸೀಟಿಗೂ ಬಿಟ್ಟೆ.

"ಸೀಟು ದಪ್ಪ ಆಗುತ್ತೇನೇ?" ಯಜಮಾನರಿಗೆ ನಗು ತಡೆಯಲಾಗಲಿಲ್ಲ.

ಆಯಿತು! ಹೊಸ ಸ್ಪಂಜು ತುಂಬಿದ್ದೇ ಸೀಟು ಬಾಣಂತನ ಮುಗಿಸಿ ತವರಿನಿಂದ ಬಂದವಳ ಹಾಗೆ ಉಬ್ಬಿತು. ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿದರೂ ಮುಂದಿನ ಎರಡು ಸೀಟುಗಳ ಬೆನ್ನು ಗೇಣುದ್ದ ಬಾಯಿ ಬಿಟ್ಟುಕೊಂಡೇ ಇತ್ತು. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನಾನು ಯಾರು? ಬ್ಲೌಸಿನ ಬೆನ್ನು ಮುಚ್ಚದಿದ್ದರೆ ಏನು ಮಾಡುತ್ತೇವೆ? ಡೋರಿ ಕಟ್ಟುತ್ತೇವೆ! ಕಟ್ಟಿದೆ. ಡೋರಿಯ ತುದಿಗೆ ಚಿನ್ನದ ಬಣ್ಣದ ಲಟ್ಕನ್ ಗೊಂಡೆ ಇಳಿಬಿಟ್ಟೆ. ಹಿಂದಿನಿಂದ ನೋಡಿದರೆ ಇಬ್ಬರು ಮದುವಣಗಿತ್ತಿಯರು ಧಾರೆಗೆ ಕೂತ ಹಾಗೆ ಕಾಣಬೇಕು, ಅಷ್ಟು ಲಕ್ಷಣ. ಮುಂದಿನವರು ಅಷ್ಟು ಸಿಂಗರಿಸಿಕೊಂಡಿರುವಾಗ ಹಿಂದಿನ ಸೀಟು ಬೋಳಾಗಿದ್ದರೆ ಚೆನ್ನಾಗಿರುತ್ತದೆಯೇ? ಅದರ ಅಂಚಿಗೆ ಸೀರೆಗೆ ಹಾಕುವ ಹಾಗೆ ಉದ್ದಕ್ಕೂ ಕುಚ್ಚು ಹಾಕಿದೆ.

ಕಾರ್ಪೆಟ್ಟಿನಲ್ಲಿ ಮಾತ್ರ ಸಣ್ಣದೊಂದು ಎಡವಟ್ಟಾಯಿತು. ಲೈನಿಂಗ್ ಬಟ್ಟೆಯನ್ನು ನೀರಿನಲ್ಲಿ ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಮುದುಡಿಕೊಳ್ಳುತ್ತದೆ ಎಂಬುದು ಹೊಲಿಗೆ ಕಲಿತ ಮಕ್ಕಳಿಗೂ ಗೊತ್ತು. ಹಾಗಾಗಿ ಹೊಸದಾಗಿ ತಂದ ಕೆಂಪು ಕಾರ್ಪೆಟ್ಟನ್ನೂ ನೀರಿನ ತೊಟ್ಟಿಯಲ್ಲಿ ನೆನೆಹಾಕಿದೆ. ಬೆಳಿಗ್ಗೆ ಎತ್ತಲು ಹೋದರೆ ನಾವು ಮೂವರು ಸೇರಿದರೂ ಅಲುಗಾಡಲಿಲ್ಲ. "ಎಮ್ಮೆ ಕೆರೆಗ್ ಬಿದ್ದಂಗೈತೆ" ಎಂದರು ಅತ್ತೆ. ಹೇಗೋ ಎಳೆದು ಕಾಂಪೌಂಡಿನ ಮೇಲೆ ಒಣಹಾಕಿದರೆ ರಸ್ತೆಯ ತನಕ ಕೆಂಪು ನೀರು ಹರಿಯಿತು. ಎದುರು ಅಪಾರ್ಟ್‌ಮೆಂಟಿನ ವಾಚ್‌ಮನ್ ಓಡಿ ಬಂದು, "ಏನಕ್ಕಾ, ಕುರಿ ಕೊಯ್ದ್ರಾ? ನಮಗೂ ಒಂಚೂರು ಇರ್ಲಿ" ಅಂದ. ಬಣ್ಣ ಬಿಟ್ಟು ಕೆಂಪು ಹೋಗಿ ಗುಲಾಬಿಯಾದ ಕಾರ್ಪೆಟ್ಟನ್ನು ಕತ್ತರಿಸಿ, ಮೂಲೆ ಮೂಲೆಗೂ ಕೂರಿಸಿ, ಅಂಚು ಹೊಲಿದೆ. ಗುಲಾಬಿಯೇ ಮರೂನಿಗೆ ಒಪ್ಪಿತು. ಮೊದಲೇ ಯೋಚಿಸಿ ಮಾಡಿದ್ದು ಎಂದು ಎಲ್ಲರಿಗೂ ಹೇಳಿದ್ದೇನೆ, ನೀವೂ ಹಾಗೇ ತಿಳಿಯಿರಿ.

ಸೀಟುಗಳನ್ನು ಒಳಗೆ ಕೂರಿಸಿ ಬಾಗಿಲು ತೆರೆದು ನೋಡಿದೆ. ಅಯ್ಯೋ, ಏನು ಹೇಳಲಿ! ನನ್ನ ಕೈಗೆ ನಾನೇ ಮುತ್ತಿಡಬೇಕು ಅನ್ನಿಸಿತು. ಅತ್ತೆ ಮೆಣಸಿನಕಾಯಿ ತಂದು ಕಾರಿಗೆ ದೃಷ್ಟಿ ತೆಗೆದರು. ನನಗೂ ತೆಗೆದರು. ಇಷ್ಟು ವರ್ಷದಲ್ಲಿ ಮೊದಲ ಸಲ. ಯಜಮಾನರು ಪೈಪಿಂಗಿನ ಮೇಲೆ ಬೆರಳಾಡಿಸುತ್ತ, "ಭುವನಾ, ನೀನು... ಇದು..." ಎಂದು ಒಂದು ಲಟ್ಕನ್ ಹಿಡಿದು ನಿಂತುಬಿಟ್ಟರು. ಅದು ಸಂತೋಷಕ್ಕೋ, ಕೊಟ್ಟ ಮಾತು ನೆನಪಾಗಿಯೋ ನನಗೆ ತಿಳಿಯದು. "ಯಾರಾದ್ರೂ ತಗೊಳೋರಿಗೆ ಫೋನ್ ಮಾಡಿ" ಅಂದೆ.

ಮುಂದಿನ ಭಾನುವಾರ ಬಂದವರು ಭಾನುಪ್ರಕಾಶ್ ಎಂಬುವವರು. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸ, ಹಳೆಯ ಕಾರು ಕೂಡಿಹಾಕುವುದು ಹವ್ಯಾಸ. ಟಾರ್ಚ್ ಹಿಡಿದು ಕಾರಿನ ಅಡಿಗೇ ತೂರಿ ಮಲಗಿ ಪರೀಕ್ಷೆ ಮಾಡಿದರು. ಇಂಜಿನ್ ಕೇಳಿ ತಲೆದೂಗಿದರು. "ಬಾಡಿ ಸಕ್ಕತ್ತಾಗಿದೆ ಸಾರ್, ನೀವ್ ಹೇಳಿದ ರೇಟಿಗೇ ಫೈನಲ್" ಎಂದರು. ನನ್ನ ಕಣ್ಣ ಮುಂದೆ ಗಾಜಿನ ಬಾಗಿಲು, ಕನ್ನಡಿ, ಬೋರ್ಡು ಎಲ್ಲ ಒಮ್ಮೆಗೇ ಎದ್ದು ನಿಂತವು. ಯಜಮಾನರು ಮುಖ ಸಣ್ಣದು ಮಾಡಿಕೊಂಡು ಕೀಲಿ ಹೊರತೆಗೆದರು.

ಅಷ್ಟಕ್ಕೆ ನಾನು ಸುಮ್ಮನಿರಬೇಕಿತ್ತು. ಆದರೆ ಆ ಮನುಷ್ಯ ನನ್ನ ಸೀಟಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ! ನಾಟಕದ ಪರದೆ ಸರಿಸುವವಳ ಹಾಗೆ ಬಾಗಿಲು ತೆರೆದು, "ಒಳಗಡೆ ನೋಡ್ಲೇ ಇಲ್ವಲ್ಲ" ಅಂದೆ.

ಅವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಮೇಡಂ, ಬೆನ್ನ ಹಿಂದೆ ಇದೇನು ದಾರ?"

"ಡೋರಿ."

"ಇದು?"

"ಲಟ್ಕನ್. ಕೈಯಲ್ಲೇ ಮಾಡಿದ್ದು."

"ಓ. ಪರ್ವಾಗಿಲ್ಲ ಬಿಡಿ, ಇದನ್ನೆಲ್ಲ ಕಿತ್ತಾಕಿಸ್ತೀನಿ. ಹಳೇ ಕವರ್ ಇಟ್ಟಿದೀರಾ? ಹರಿದಿದ್ರೂ ಸರಿ, ಅದನ್ನ ನೋಡ್ಕೊಂಡು ಒರಿಜಿನಲ್ ಥರ ಹೊಲಿಸ್ಬೇಕು."

"ಕಿತ್ತಾಕಿ, ಇದನ್ನ ಏನ್ಮಾಡ್ತೀರ?"

"ಗ್ಯಾರೇಜಿನೋರಿಗೆ ಕೊಡ್ತೀನಿ ಮೇಡಂ. ಕಾರ್ ಕೆಳಗೆ ಹಾಸ್ಕೊಂಡು ಮಲಗೋಕೆ ಚೆನ್ನಾಗಿರುತ್ತೆ."

ಯಜಮಾನರ ಕೈಯಿಂದ ಅವರ ಕೈಗೆ ಹೋಗುತ್ತಿದ್ದ ಕೀಲಿಯನ್ನು ನಡುದಾರಿಯಲ್ಲೇ ಕಿತ್ತುಕೊಂಡೆ.

"ಕಾರ್ ಮಾರಲ್ಲ."

"ಮೇಡಂ, ಬೇಕಾದ್ರೆ ರೇಟ್ ಇನ್ನೂ ಸ್ವಲ್ಪ..."

"ರೇಟ್ ಮಾತಲ್ಲ. ನನ್ನ ಪೈಪಿಂಗಲ್ಲಿ ಒಂದೇ ಒಂದು ಸುಕ್ಕು ತೋರ್ಸಿ, ಪುಕ್ಕಟೆ ಕೊಡ್ತೀನಿ."

ಪಾಪ, ಪ್ರಾಮಾಣಿಕ ಮನುಷ್ಯ. ಟಾರ್ಚ್ ಬೆಳಕು ಬಿಟ್ಟು ಮೂಲೆ ಮೂಲೆಯೂ ನೋಡಿದರು. "ಸುಕ್ಕಿಲ್ಲ ಮೇಡಂ. ಆದ್ರೆ ಒರಿಜಿನಲ್ ಅಲ್ಲ."

"ಒರಿಜಿನಲ್ ಅಲ್ವಾ? ಇಡೀ ಬೆಂಗಳೂರಲ್ಲಿ ಇಂಥದ್ದು ಇನ್ನೊಂದು ತೋರ್ಸಿ, ನೋಡೋಣ!"

ಅವರು ಯಜಮಾನರ ಮುಖ ನೋಡಿದರು. ಯಜಮಾನರು ಆಕಾಶ ನೋಡಿದರು. "ಓಗಪ್ಪ, ಕಾಪಿ ಕುಡ್ದು ಓಗು. ಇನ್ನು ಆಯಮ್ಮ ಕೇಳಾಕಿಲ್ಲ" ಎಂದು ಅತ್ತೆ ಲೋಟ ತಂದರು. ಭಾನುಪ್ರಕಾಶ್ ಕಾಫಿ ಕುಡಿದು, ಪದ್ಮಿನಿಯ ಬಾನೆಟ್ಟನ್ನು ಒಮ್ಮೆ ಸವರಿ, ಹೊರಟುಹೋದರು.

ಗೇಟು ಹಾಕಿದ ಸದ್ದಾದ ಮೇಲೇ ನನಗೆ ಶೆಡ್ಡಿನ ನೆನಪಾದದ್ದು. ನನ್ನ ಬೊಟೀಕಿನ ಬಾಗಿಲನ್ನು ನಾನೇ ಕೈಯಾರೆ ಮುಚ್ಚಿದ್ದೆ. ಅದೂ ನಾನೇ ಹೊಲಿದ ಸೀಟಿನ ಸಲುವಾಗಿ. ಯಜಮಾನರು ನಕ್ಕಿದ್ದರೆ ಒಂದು ಒಳ್ಳೆ ಜಗಳವಾಡಿ ಹಗುರಾಗಬಹುದಿತ್ತು. ಅವರು ನಗಲಿಲ್ಲ. ಹಿಂದಿನ ಬಾಗಿಲು ತೆರೆದು, "ಕಾರ್ ಹತ್ತು ಕಣೇ, ಒಂದ್ ರೌಂಡ್ ಹೋಗ್ಬರೋಣ" ಎಂದರು. ಅತ್ತೆ ಆಗಲೇ ಮುಂದಿನ ಸೀಟಿನಲ್ಲಿ ಆಸೀನರಾಗಿದ್ದರು.

ಹೂಡಿ ಸರ್ಕಲ್ಲಿನಲ್ಲಿ ಎಂದಿನಂತೆ ಟ್ರಾಫಿಕ್ ಕಟ್ಟಿಕೊಂಡಿತ್ತು. ಪಕ್ಕದ ಆಟೋದ ಡ್ರೈವರ್ ಕಿಟಕಿಯೊಳಗೆ ಇಣುಕಿದವನು ಕತ್ತು ವಾಪಸ್ ತೆಗೆಯಲೇ ಇಲ್ಲ. "ಅಕ್ಕಾ! ಯಾರ್ ಹೊಲ್ದಿದ್ದು ಇದು? ಬೆಂಕಿ ಕೆಲ್ಸ!"

"ನಾನೇ" ಅಂದೆ. ಕತ್ತು ತಾನಾಗಿಯೇ ಎತ್ತರಕ್ಕೆ ಹೋಯಿತು.

"ಸುಮ್ನಿರಿ ಅಕ್ಕ! ನಿಜವಾಗ್ಲೂ? ನಮ್ ಗಾಡಿಗೂ ಇಂಗೇ ಹೊಲ್ಕೊಡಿ, ಕುಚ್ಚು ಸಮೇತ."

ಸಾಫ್ಟ್‌ವೇರಿನವರ ಕಣ್ಣಿಗೆ ಕಾಣದ್ದು ಗಂಗಪ್ಪನ (ಆಮೇಲೆ ಗೊತ್ತಾದ ಹೆಸರು) ಕಣ್ಣಿಗೆ ಬಿತ್ತಲ್ಲ! ಆ ಖುಷಿಯಲ್ಲಿ ಮನೆಯ ಗುರುತು ಹೇಳಿಬಿಟ್ಟೆ. ಅವನು ಸ್ಟ್ಯಾಂಡಿನಲ್ಲಿ ಹೇಳಿದ. ಸ್ಟ್ಯಾಂಡು ಊರಿಗೆಲ್ಲ ಹೇಳಿತು.

ಈಗ ನನ್ನ ಮಿಷನ್ ಶೆಡ್ಡಿನಲ್ಲಿ, ಪದ್ಮಿನಿಯ ಮೂತಿಗೂ ಗೋಡೆಗೂ ನಡುವೆ ಉಳಿದ ಜಾಗದಲ್ಲಿದೆ. ಹೊರಗೆ ಆಟೋಗಳ ಸಾಲು. ಒಂದು ಸ್ಕೂಲ್ ವ್ಯಾನು, ಒಂದು ನೀರಿನ ಟ್ಯಾಂಕರ್ ಕೂಡ ನನ್ನ ಕೈಯಲ್ಲಿ ಸಿಂಗಾರಗೊಂಡಿವೆ. ಕೆ.ಆರ್. ಪುರದಿಂದ ಕಾಡುಗೋಡಿಯವರೆಗೆ ಎಲ್ಲಿ ಡೋರಿ ಕಟ್ಟಿದ ಸೀಟು ಕಂಡರೂ ಅದು ಭುವನೇಶ್ವರಿಯ ಕೈಕೆಲಸ ಎಂದು ಕಣ್ಣು ಮುಚ್ಚಿ ಹೇಳಿ. ಹೊಟ್ಟೆ ತುಂಬ ಹೆಮ್ಮೆ ಇದೆ. ಬ್ಲೌಸ್ ಮಾತ್ರ ಒಂದೂ ಬಂದಿರಲಿಲ್ಲ.

ಮೊನ್ನೆ ಬಂತು. ಅಪಾರ್ಟ್‌ಮೆಂಟಿನ ಕಡೆಯಿಂದ ಒಬ್ಬ ದೊಡ್ಡ ಮನೆತನದ ಹೆಂಗಸು, ಆಟೋಗಳ ನಡುವೆ ನುಸುಳಿಕೊಂಡು, ಕೈಯಲ್ಲಿ ಅಪ್ಪಟ ಕಂಚಿ ರೇಷ್ಮೆಯ ಪೀಸು ಹಿಡಿದು ಬಂದರು. ಮಗಳ ಮದುವೆಗೆ ತಾವೇ ತೊಡುವ ಬ್ಲೌಸಂತೆ. ನನಗೆ ಕಣ್ಣಲ್ಲಿ ನೀರೇ ಬಂತು. ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಕುರ್ಚಿ ಒರೆಸಿ, ಟೇಪನ್ನು ಕೊರಳಿಗೆ ಹಾಕಿಕೊಂಡು, ಪುಸ್ತಕ ತೆರೆದು, ಅತ್ಯಂತ ಗಂಭೀರವಾದ ದನಿಯಲ್ಲಿ ಕೇಳಿದೆ:

"ಮುಂದಿನ ಸೀಟಾ ಮೇಡಂ, ಹಿಂದಿನ ಸೀಟಾ?"

ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಆಕೆ ರಸ್ತೆ ದಾಟಿಯಾಗಿತ್ತು.