ಚಿಕ್ಕಪ್ಪನ ಈಜು, ಚಿಕ್ಕಮ್ಮನ ಬಿಂದಿಗೆ

ನಮ್ಮ ಚಿಕ್ಕಪ್ಪನಷ್ಟು ಠೀವಿಯಿಂದ ಮುಳುಗುವವರನ್ನು ನಾನು ಇನ್ನೆಲ್ಲೂ ಕಂಡಿಲ್ಲ! ಮೀಸೆ ತಿರುವಿ, ಕಚ್ಚೆ ಬಿಗಿದು, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ನಮ್ಮೂರು ಶಾಗ್ಯದ ಮೆಟ್ಟಿಲುಬಾವಿಗೆ ಧುಮುಕುತ್ತಿದ್ದರು. ಬುರುಡೆ ಬಿಚ್ಚಿಕೊಂಡು ಮೇಲೆ ಬರುತ್ತಿತ್ತು. ಚಿಕ್ಕಪ್ಪ ಬರುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ಮದುವೆಯಾದ ಮೊದಲ ದೀಪಾವಳಿ. ಚಿಕ್ಕಮ್ಮನ ತವರಾದ ಮಾಂಬಳ್ಳಿಯಲ್ಲಿ ಹೊಸ ಅಳಿಯನಿಗೆ ಎಣ್ಣೆ ಹಚ್ಚಿದ ಭಾವಮೈದುನರು ತಮಾಷೆಗೆ ಬಾವಿಗೆ ತಳ್ಳಿದರು. ಆಮೇಲೆ ಹಗ್ಗ ಬಿಟ್ಟು ಎತ್ತಬೇಕಾಯಿತು! ಆಗ ನಾವು ಮದರಾಸು ಸೀಮೆ, ಅವರು ಮೈಸೂರು ಸೀಮೆ. ನಗು ಮಾತ್ರ ಎರಡು ಸೀಮೆಗೂ ಕೇಳಿಸಿತು.

"ಈಜು ಕಲ್ಯೋಗಂಟ ನಿಮ್ಮ ಒಸ್ಲು ತುಳಿಯಲ್ಲ ಕಣ್ರಲಾ!" ಎಂದು ಚಿಕ್ಕಪ್ಪ ಶಪಥ ಮಾಡಿದರು. ಗಂಡ ಬಾರದೆ ತಾನೂ ಹೋಗೆನೆಂದು ಚಿಕ್ಕಮ್ಮ ಉಳಿದರು. ಶಪಥ ಇವರದು, ತವರು ತಪ್ಪಿದ್ದು ಆ ಪುಣ್ಯಾತ್ಗಿತ್ತಿಗೆ!

ಊರಿನವರು ಸುಮ್ಮನಿರುತ್ತಾರೆಯೇ? ಬಾವಿಕಟ್ಟೆ ತುಂಬ ಗುರುಗಳು. "ಕಾಲ್ ಬಡಿಯಣ್ಣೋ!" "ಕತ್ತೆತ್ತಣ್ಣೋ!" ಚಿಕ್ಕಪ್ಪ ಮೆಟ್ಟಿಲು ಹಿಡಿದು ಗುಡುಗಿದರು: "ನಾನು ಕೇಳ್ದಾಗ ಮಾತಾಡಿ. ಕೇಳ್ದೆ ಬುದ್ಧಿ ಏಳೋರು ನನ್ಜೊತೆ ನೀರಿಗಿಳೀರಿ!" ಗುರುಗಳೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

ಅವರು ಕೇಳುತ್ತಿದ್ದುದು ಒಬ್ಬರನ್ನೇ, ಬಿಂದಿಗೆ ಹಿಡಿದು ನೀರಿಗೆ ಬರುತ್ತಿದ್ದ ಚಿಕ್ಕಮ್ಮನನ್ನು. ತಮ್ಮಂದಿರ ಜೊತೆ ಹೊಳೆಯಲ್ಲಿ ಈಜಿ ಬೆಳೆದವರು ಆಕೆ. "ಎಂಗಿತ್ತು?" ಎನ್ನುತ್ತಿದ್ದರು. ಹಿರಿಯರೆದುರು ಸೊಸೆ ಗಂಡನೊಡನೆ ಮಾತಾಡುವುದುಂಟೆ? ಚಿಕ್ಕಮ್ಮ ಉಂಗುರದಿಂದ ಬಿಂದಿಗೆ ಕುಟ್ಟುತ್ತಿದ್ದರು. ಒಂದು ಟಣ್ ಎಂದರೆ ಸರಿ. ಎರಡೆಂದರೆ ಇನ್ನೂ ಕಾಲು ಬಡಿಯಬೇಕು. "ಇವ್ನಿಗೆ ಈಜು ಬರೋ ಒತ್ಗೆ ಬಿಂದ್ಗೆ ತೂತಾಯ್ತದೆ!" ಎಂದು ನಮ್ಮಜ್ಜಿಯ ಗೊಣಗು.

ವಿಚಿತ್ರವೆಂದರೆ, ಮುಳುಗಿ ಎದ್ದಾಗ ಕೇಳುತ್ತಿರಲಿಲ್ಲ; ಚೂರು ತೇಲಿದಾಗ ಮಾತ್ರ. ಯಾಕೆ ಚಿಕ್ಕಪ್ಪ ಎಂದೆ. "ಮುಳುಗಿದ್ದು ನಂಗೇ ಗೊತ್ತಾಯ್ತದೆ ಕಣ್ಲಾ! ತೇಲಿದ್ದು ಎಂಗೆ ಅಂತ ಗೊತ್ತಾಗ್ಬೇಕಲ್ಲ?"

ಅಂತೂ ಬುರುಡೆಯಿಲ್ಲದೆ ಬಾವಿ ದಾಟಿದರು. ಆ ವರ್ಷದ ದೀಪಾವಳಿಗೆ ಅವರಿಬ್ಬರ ಜೊತೆ ನಾವು ಮಕ್ಕಳೂ ಗಾಡಿ ಹತ್ತಿದೆವು. ಮಾಂಬಳ್ಳಿಯ ಅದೇ ಬಾವಿ. ಈ ಸಲ ಯಾರೂ ತಳ್ಳಲಿಲ್ಲ, ತಾವೇ ಧುಮುಕಿದರು. ನೀರು ಸುಮ್ಮನಾಯಿತು. ನಾನು ಕಟ್ಟೆಯಿಂದ ಬಗ್ಗಿ ನೋಡಿದೆ. ಆಚೆ ಗೋಡೆಯ ಬಳಿ ಮೀಸೆ ಎದ್ದಿತು! ಅಲ್ಲಿಂದ ಈಚೆಗೆ ನೆಟ್ಟಗೆ ಈಜಿ ಬಂದರು. ಭಾವಮೈದುನರ ಕೇಕೆಯೋ ಕೇಕೆ. ಚಿಕ್ಕಪ್ಪನಿಗೆ ಅದೊಂದೂ ಬೇಡ. ಕತ್ತೆತ್ತಿ ಚಿಕ್ಕಮ್ಮನನ್ನು ಹುಡುಕಿದರು.

"ಎಂಗಿತ್ತು?"

ಚಿಕ್ಕಮ್ಮನ ಕೈಯಲ್ಲಿ ಬಿಂದಿಗೆ ಇರಲಿಲ್ಲ. ತವರಿನಲ್ಲಿ ಅವರ ಬಾಯಿ ಕಟ್ಟುವವರು ಯಾರು? "ಚೆಂದಾಗಿತ್ತು ಕಣ್ರೀ!" ಎಂದು ಎಲ್ಲರೆದುರು ಗಟ್ಟಿಯಾಗಿ ಹೇಳಿ, ನಗಲು ಹೋಗಿ ಅತ್ತೇಬಿಟ್ಟರು.

ಚಿಕ್ಕಪ್ಪ ಮೇಲೆ ಬರಲಿಲ್ಲ. ಗೋಡೆಯ ಕಲ್ಲು ಹಿಡಿದು ನೀರಿನಲ್ಲೇ ನಿಂತು, "ಕೇಳಿಸ್ನಿಲ್ಲ, ಇನ್ನೊಂದ್ಸಲ ಅನ್ನು," ಎಂದರು.

ಕೇಳಿಸಿತ್ತು. ನಮಗೆಲ್ಲ ಕೇಳಿಸಿತ್ತು.