ಜಾರಿಯಲ್ಲಿರುವ ನೆಲ

ನಮ್ಮ ಆಸ್ಪತ್ರೆಯ ನೆಲದ ಮೇಲೆ ಇದುವರೆಗೆ ಯಾವ ನೌಕರರೂ ಬಿದ್ದಿಲ್ಲ. ಇದಕ್ಕೆ ದಾಖಲೆ ಇದೆ. ದಾಖಲೆ ಇಟ್ಟವನು ಟಪಾಲು ಗುಮಾಸ್ತನಾದ ನಾನೇ.

ಹೆರಿಗೆ ವಾರ್ಡಿನ ಮುಂದೆ ಪೈಪು ಸೋರಲು ಶುರುವಾಗಿ ಎರಡು ವರ್ಷವಾಯಿತು. ಕಳವಾರ ಹಳ್ಳಿಯಿಂದ ಬಸ್ಸಿಗೆ ಬರುವ ಆಯಾ ಚಿಕ್ಕವೆಂಕಟಮ್ಮ ಒಂದು ಬೆಳಿಗ್ಗೆ ಅಲ್ಲಿ "ಅಯ್ಯೋ ದೇವುಡಾ!" ಎಂದದ್ದು ಮೂರು ವಾರ್ಡಿಗೆ ಕೇಳಿಸಿತು. ಬಲಗೈ ಮಣಿಕಟ್ಟು ಮುರಿದಿತ್ತು. ನಮ್ಮ ಎಕ್ಸ್‌ರೇ ಯಂತ್ರ ಕೆಟ್ಟಿದ್ದರಿಂದ ಹೊರಗೆ ನಾಟಿ ವೈದ್ಯರ ಹತ್ತಿರ ಹೋಗಿ ಪುತ್ತೂರು ಕಟ್ಟು ಹಾಕಿಸಿಕೊಂಡು ಬಂದು, ನರ್ಸ್ ಪವಿತ್ರ ಕೈಲಿ ಅರ್ಜಿ ಬರೆಸಿದಳು: 'ಜಾರಿ ಬಿದ್ದು ಕೈ ಮುರಿದಿದೆ. ಒಂದು ತಿಂಗಳು ರಜೆ ಬೇಕು.'

ಸೂಪರಿಂಟೆಂಡೆಂಟ್ ಮುರಳಿಮೋಹನ್ ಸಾಹೇಬರು ಕನ್ನಡಕ ಏರಿಸಿ ಓದಿದರು.

"ಯಾವ ಆದೇಶ ಜಾರಿ, ಚಿಕ್ಕವೆಂಕಟಮ್ಮ?"

"ಆದೇಶ ಅಲ್ಲ ಸಾರ್, ಕಾಲು."

"ಕಾಲಾದ್ರೇನಮ್ಮ? ಜಾರಿ ಮಾಡೋ ಅಧಿಕಾರ ಮೇಲಿನೋರಿಗೆ ಮಾತ್ರ. ಫೈಲು ಕಳಿಸ್ತೀನಿ."

"ಅಲ್ಲೀಗಂಟ ನೆಲ ಯಾವ ಕೈಲಿ ಒರೆಸ್ಲಿ ಸಾರ್?"

"ಅರ್ಜಿ ನೋಡು. ಕೈ ಬರೋದು ಜಾರಿ ಆದ್ಮೇಲೆ. ಮೊದಲು ಜಾರಿ ಇತ್ಯರ್ಥ ಆಗ್ಲಿ."

ನ್ಯಾಯವಾದ ಮಾತು.

ಮೇಲಿನ ಕಚೇರಿ ಮೂವತ್ತೆಂಟು ದಿನ ಯೋಚಿಸಿತು. ಅಷ್ಟು ದಿನವೂ ಅವಳು ಎಡಗೈಲಿ ನೆಲ ಒರೆಸಿದಳು. ಕಟ್ಟು ಒದ್ದೆಯಾಗಿ ಬಲಗೈ ಮೂಳೆ ಸೊಟ್ಟಗೆ ಕೂಡಿಕೊಂಡಿತು, ಬೆರಳು ಮಡಚದಾಯಿತು. ನೋಡಿ ಬರೆದಿಡಲು ಹೋದೆ. ಅದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಕೊನೆಗೆ ಆದೇಶ ಬಂತು. ಬೋರ್ಡು ಬರೆಸಿ ಸೋರುವ ಪೈಪಿಗೇ ತೂಗುಹಾಕಿದೆವು:

'ಈ ನೆಲವು ತಕ್ಷಣದಿಂದ ಜಾರಿಯಲ್ಲಿದೆ. ಸಿಬ್ಬಂದಿ ಕಡ್ಡಾಯವಾಗಿ ಪಾಲಿಸತಕ್ಕದ್ದು.'

ಎಲ್ಲರಿಗಿಂತ ಮೊದಲೇ ಪಾಲಿಸಿದ್ದ ಚಿಕ್ಕವೆಂಕಟಮ್ಮನಿಗೆ ರಜೆ ಸಿಗಲಿಲ್ಲ. ಆದೇಶ ಪಾಲಿಸಿದವರಿಗೆ ಯಾರಾದರೂ ರಜೆ ಕೊಡುತ್ತಾರೆಯೇ? ಸನ್ಮಾನ ಮಾಡಿದೆವು. ಪ್ರಶಂಸಾಪತ್ರ ತೆಗೆದುಕೊಳ್ಳಲು ಅವಳು ಎಡಗೈ ಚಾಚಿದಳು. ಸಾಹೇಬರ ಮುಂದೆ ಎಡಗೈ ಚಾಚಿದ್ದು ಅಶಿಸ್ತು ಎಂದು ವೇದಿಕೆಯಲ್ಲೇ ನೋಟಿಸು ಕೊಟ್ಟರು. ಅದನ್ನೂ ಪಾಪ, ಎಡಗೈಲೇ ತಗೊಂಡಳು.

ಈಗ ಎಲ್ಲ ಸುಸೂತ್ರ. ನಿನ್ನೆ ಪವಿತ್ರ ಅದೇ ಜಾಗದಲ್ಲಿ ದಢಾರನೆ ಬಿದ್ದಾಗ ಯಾರೂ ಗಾಬರಿಯಾಗಲಿಲ್ಲ. ನಾನು ರಿಜಿಸ್ಟರ್ ಒಯ್ದೆ. ಅವಳು ನೆಲದ ಮೇಲೆ ಕೂತೇ 'ಪಾಲಿಸಿದ್ದೇನೆ' ಎಂದು ಬರೆದು ಸಹಿ ಹಾಕಿದಳು.

ಚಿಕ್ಕವೆಂಕಟಮ್ಮ ಓಡಿ ಬಂದು ಅವಳ ಬಲಗೈ ಹಿಡಿದು, ಒಂದೊಂದೇ ಬೆರಳು ಮಡಚಿ ನೋಡಿದಳು.

"ಪುಣ್ಯವಂತೆ ಕಣಮ್ಮ, ಎಲ್ಲ ಆಡ್ತೈತೆ. ಸರ್ಟಿಫಿಕೇಟು ಬಲಗೈಲೇ ಇಸ್ಕೋ."