ಗಿರಾಕಿಯ ಇಂಗ್ಲಿಷು, ನನ್ನ ಕೆಂಪು ಪೆನ್ನು

ನಶ್ಯ ಬಿಟ್ಟವರನ್ನು ಕಂಡಿದ್ದೇನೆ, ಇಸ್ಪೀಟು ಬಿಟ್ಟವರನ್ನೂ ಕಂಡಿದ್ದೇನೆ. ತಪ್ಪು ತಿದ್ದುವುದನ್ನು ಬಿಟ್ಟ ಇಂಗ್ಲಿಷ್ ಮಾಸ್ತರನನ್ನು ಮಾತ್ರ ಕಂಡಿಲ್ಲ. ಹಾವೇರಿಯ ಹೈಸ್ಕೂಲಿನಿಂದ ನಿವೃತ್ತನಾಗಿ ಬ್ಯಾಡಗಿಯ ಮನೆ ಸೇರಿದರೂ ನನ್ನ ಕೆಂಪು ಪೆನ್ನಿಗೆ ನಿವೃತ್ತಿ ಸಿಗಲಿಲ್ಲ. ಮದುವೆ ಕಾರ್ಡು ಬಂದರೆ ಮುಹೂರ್ತಕ್ಕಿಂತ ಮೊದಲು ಸ್ಪೆಲಿಂಗು ನೋಡುತ್ತೇನೆ. ರಾಣೆಬೆನ್ನೂರಿನಲ್ಲಿ ಬೀಜದಂಗಡಿಯ ಇಂಗ್ಲಿಷ್ ಬೋರ್ಡನ್ನು ಮನಸ್ಸಿನಲ್ಲೇ ತಿದ್ದುತ್ತ ನಿಂತು ಬಸ್ಸು ತಪ್ಪಿಸಿಕೊಂಡದ್ದೂ ಉಂಟು.

ನನ್ನ ಹೆಂಡತಿ ಶಾಂತಾಗೆ ಈ ರೋಗವಿಲ್ಲ. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಹಿತ್ತಲ ಶೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಪುಡಿ ಮಾಡಿಸಿ ಮಾರುತ್ತಾಳೆ. ಹೊರರಾಜ್ಯದವರ ಜೊತೆ ಅವಳಾಡುವ ಇಂಗ್ಲಿಷಿನಲ್ಲಿ ಕ್ರಿಯಾಪದ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಾಲು ಮಾತ್ರ ತಪ್ಪದೆ ಹೋಗುತ್ತದೆ.

ಕಳೆದ ಬೇಸಿಗೆಯಲ್ಲಿ ಕೇರಳದ ಮಸಾಲೆ ವ್ಯಾಪಾರಿಯೊಬ್ಬರು ಮನೆಗೇ ಬಂದರು. ಅವರು ಒಪ್ಪಿದರೆ ಆ ಹೆಂಗಸರಿಗೆ ಮಳೆಗಾಲವಿಡೀ ಕೆಲಸ. ಇಲ್ಲವಾದರೆ ಶೆಡ್ಡಿಗೆ ಬೀಗ. ಶಾಂತಾ ಅವರ ಮುಂದೆ ಮಂಡಕ್ಕಿ, ಮಿರ್ಚಿ ಇಟ್ಟು, ಒಣ ಕಾಯೊಂದನ್ನು ಮುರಿದು ತೋರಿಸುತ್ತ, “ಕಲರ್ ಫುಲ್, ಖಾರ ಲೆಸ್. ಯು ಈಟ್, ನೋ ಕ್ರೈ” ಎಂದಳು. ವ್ಯಾಪಾರಿಗೆ ಹುರುಪು ಬಂದು, “ಐ ಆಮ್ ಹ್ಯಾವಿಂಗ್ ಮೆನಿ ಶಾಪ್ಸ್” ಎಂದು ಶುರುಮಾಡಿದರು. ನನ್ನ ಬಾಯಿ ತಾನಾಗಿಯೇ ತೆರೆಯಿತು. ಹಾಗೆನ್ನಬಾರದು, ‘ಐ ಹ್ಯಾವ್’ ಎನ್ನಬೇಕು ಎಂದು ಕಾರಣಸಹಿತ ವಿವರಿಸಿಬಿಟ್ಟೆ. ಮನೆಗೆ ಬಂದ ಗಿರಾಕಿಗೆ ಪಾಠ ಹೇಳುವುದು ಮಾಸ್ತರನಿಂದ ಮಾತ್ರ ಸಾಧ್ಯ. ಅವರ ಮುಖ ಸಣ್ಣದಾಯಿತು. ಆಮೇಲೆ ಎಲ್ಲಕ್ಕೂ ‘ಎಸ್’, ‘ನೋ’ ಅಷ್ಟೇ. ಹೊರಡುವವರಂತೆ ಅವರ ಕೈ ಪಕ್ಕದ ಚೀಲದ ಕಡೆ ಹೋಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಶಾಂತಾ ನನಗೆ, “ಸಾಲಿ ಬಿಟ್ಟೈತ್ರಿ, ಇನ್ನ ಗಂಟಿ ಹೊಡೀಬ್ಯಾಡ್ರಿ” ಎಂದು ಹೇಳಿ, ಅವರ ಕಡೆ ತಿರುಗಿದಳು. “ಸರ್, ಹಿ ಟೀಚರ್. ರಿಟೈರ್ಡ್, ಬಟ್ ನಾಟ್ ಸ್ಟಾಪ್ಡ್. ಹೋಮ್‌ನಾಗ ಐ ಓನ್ಲಿ ಸ್ಟೂಡೆಂಟ್. ಡೈಲಿ ಫೇಲ್.” ವ್ಯಾಪಾರಿ ಮಂಡಕ್ಕಿ ನೆತ್ತಿಗೇರುವಷ್ಟು ನಕ್ಕರು. ಆರ್ಡರು ಕುದುರಿತು. ನನ್ನ ಸರ್ವಿಸ್ಸಿನುದ್ದಕ್ಕೂ ಇಷ್ಟು ಚುರುಕಾದ ಇಂಗ್ಲಿಷ್ ನನ್ನ ಬಾಯಿಂದ ಬಂದಿರಲಿಲ್ಲ. ಅವಳನ್ನು ಕಟ್ಟಿಕೊಂಡ ನಾನು ಪುಣ್ಯವಂತ ಎಂದು ಆವತ್ತು ಮನಸಾರೆ ಅನ್ನಿಸಿತು.

ಈಗ ಅವರ ಫೋನನ್ನು ನಾನೆತ್ತಿದರೆ ಆ ದೊಡ್ಡ ವ್ಯಾಪಾರಿ, ಬಾಯಿಪಾಠ ಒಪ್ಪಿಸುವವರಂತೆ ಪದ ಪದ ಬಿಡಿಸಿ, “ಮೇ ಐ ಸ್ಪೀಕ್ ಟು ಮೇಡಂ, ಸರ್?” ಎನ್ನುತ್ತಾರೆ. ತಿದ್ದಲು ಏನೂ ಸಿಗದೆ ಫೋನನ್ನು ಅವಳ ಕೈಗೆ ಕೊಡುತ್ತೇನೆ. ಕೂಡಲೇ ಇಬ್ಬರೂ ಬಾಯ್ತುಂಬ ತಪ್ಪು ಇಂಗ್ಲಿಷಿನಲ್ಲಿ ಹರಟೆಗೆ ಇಳಿಯುತ್ತಾರೆ. ನನ್ನ ಶುದ್ಧ ಇಂಗ್ಲಿಷಿನ ಜೊತೆ ಅಷ್ಟು ಹೊತ್ತು ಮಾತಾಡಿದವರು ಇದುವರೆಗೂ ಯಾರೂ ಇಲ್ಲ.